ಸ್ತೋತ್ರದಮ್ಮನ ಮಗಳು

ಚರ್ಚಿನ ಸಭೆಯವರು ತಾಯಿಯನ್ನು ಸ್ತೋತ್ರದಮ್ಮ ಎಂದು ಕರೆಯುತ್ತಿದ್ದರು, ಬೀದಿಯವರು ಮಗಳನ್ನು ಟೈಲರಮ್ಮ ಎನ್ನುತ್ತಿದ್ದರು. ಇಬ್ಬರ ನಿಜವಾದ ಹೆಸರೂ ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ತಾಯಿ ಹಾಸಿಗೆ ಹಿಡಿದು ನಾಲ್ಕು ವರ್ಷವಾಗಿತ್ತು. ಕಾಲು ಸೋತರೂ ನಾಲಿಗೆ ಸೋತಿರಲಿಲ್ಲ. ಬಿಸಿನೀರಲ್ಲಿ ಹಿಂಡಿದ ಬಟ್ಟೆ ಬೆನ್ನಿಗೆ ತಾಗಿದರೆ ‘ಸ್ತೋತ್ರ ಕರ್ತನೇ’ ಎನ್ನುತ್ತಿದ್ದಳು. ಗಂಜಿ ಗಂಟಲಲ್ಲಿ ಇಳಿದರೆ ಸ್ತೋತ್ರ, ಒಗೆದ ಹೊದಿಕೆ ಮೈಮೇಲೆ ಬಂದರೆ ಸ್ತೋತ್ರ. ಬೆಡ್‌ಪ್ಯಾನ್ ಹೊತ್ತಿಗೆ ಸರಿಯಾಗಿ ಬಂದರೆ ಅದಕ್ಕೂ ಒಂದು ಸ್ತೋತ್ರ. ಅದನ್ನು ಹಿಡಿದುಕೊಂಡು ನಿಂತ ಮಗಳು ಮೂಗಿನ ತುದಿಯಲ್ಲೇ ಉಸಿರಾಡುತ್ತ, ಇದೂ ಮೇಲಿನಿಂದಲೇ ಇಳಿದು ಬಂತೇನೋ ಎಂದುಕೊಳ್ಳುತ್ತಿದ್ದಳು.

ಹೊಲಿಗೆ ಯಂತ್ರವನ್ನು ಅವಳು ತಾಯಿಯ ಕೋಣೆಯ ಬಾಗಿಲಿಗೇ ತಂದು ಹಾಕಿಕೊಂಡಿದ್ದಳು. ಶಾಲೆಯ ಸಮವಸ್ತ್ರದ ಕತ್ತರಿಸಿದ ಬಟ್ಟೆ ಕಟ್ಟುಕಟ್ಟಾಗಿ ಬರುತ್ತಿತ್ತು. ಒಂದು ಲಂಗಕ್ಕೆ ಹದಿನಾರು ನೆರಿಗೆ. ನಾಲ್ಕು ನೆರಿಗೆ ಹಿಡಿಯುವಷ್ಟರಲ್ಲಿ ಒಳಗಿಂದ ಕೆಮ್ಮು ಕೇಳಿಸಿದರೆ ಎದ್ದು ಹೋಗುವುದು, ಬಂದು ಮತ್ತೆ ಐದನೆಯದು. ಮೊದಲು ಅಪ್ಪನ ಕಾಯಿಲೆ, ಆಮೇಲೆ ತಮ್ಮನ ಓದು, ಆಮೇಲೆ ಅಮ್ಮನ ಸೊಂಟ. ಹೀಗೆ ಅವಳ ವಯಸ್ಸು ನಲವತ್ತಾರು ದಾಟಿತ್ತು.

ತಮ್ಮ ಊರಿನ ಇನ್ನೊಂದು ತುದಿಯಲ್ಲಿದ್ದ. ತಿಂಗಳಿಗೊಮ್ಮೆ ಹಣ್ಣಿನ ಚೀಲ ಹಿಡಿದು ಬಂದು, ಚಪ್ಪಲಿ ಬಿಚ್ಚದೆ ಹೊಸ್ತಿಲಲ್ಲೇ ಅರ್ಧ ಕೂತು, “ಅಕ್ಕ, ಅಮ್ಮ ಸೊರಗಿದ ಹಾಗೆ ಕಾಣ್ತಾಳೆ” ಎಂದು ಹೇಳಿ ಹೋಗುತ್ತಿದ್ದ. ಅವನು ಹೋದ ಮೇಲೆ ತಾಯಿ ಗಂಟೆಗಟ್ಟಲೆ ಅಂಥ ಮಗನಿಗಾಗಿ ದೇವರನ್ನು ಕೊಂಡಾಡುತ್ತಿದ್ದಳು.

ಒಂದು ಶುಕ್ರವಾರ ಸಂಜೆ ಇವರ ಮನೆಯಲ್ಲೇ ಪ್ರಾರ್ಥನಾ ಕೂಟ ನಡೆಯಿತು. ಪಾಸ್ಟರು, ಸಭೆಯ ಏಳೆಂಟು ಹೆಂಗಸರು, ಪಕ್ಕದ ಮನೆಯ ಅಕ್ಕ ಹಾಸಿಗೆಯ ಸುತ್ತ ಕೂತರು. ದೇವರ ಉಪಕಾರಗಳನ್ನು ಒಬ್ಬೊಬ್ಬರಾಗಿ ನೆನೆಯೋಣ ಎಂದರು ಪಾಸ್ಟರು. ತಾಯಿಯ ಸರದಿ ಬಂತು. ಕಿಟಕಿಯಿಂದ ಬರುವ ಬೆಳಕಿಗೆ, ತಿರುಗುವ ಫ್ಯಾನಿಗೆ, ಬೆನ್ನಲ್ಲಿ ಒಂದೂ ಹುಣ್ಣಾಗದೆ ಕಾದದ್ದಕ್ಕೆ, ಗಾಲಿಕುರ್ಚಿ ತಂದುಕೊಟ್ಟ ಮಗನಿಗೆ, ಸೊಸೆಗೆ, ಮೊಮ್ಮಕ್ಕಳಿಗೆ ಸ್ತೋತ್ರ ಸಲ್ಲಿಸಿ ಆಮೆನ್ ಎಂದಳು. ಹೆಂಗಸರ ಕಣ್ಣು ಒದ್ದೆಯಾದವು.

“ನೀನಮ್ಮ?” ಎಂದರು ಪಾಸ್ಟರು ಮಗಳ ಕಡೆ ತಿರುಗಿ.

ಅವಳು ಎದ್ದು ನಿಂತಳು. ಮೊಣಕೈಗೆ ನೂಲಿನ ಎಳೆಗಳು ಅಂಟಿಕೊಂಡಿದ್ದವು.

“ಬೆನ್ನಲ್ಲಿ ಹುಣ್ಣಾಗಿಲ್ಲ, ಯಾಕೆ ಅಂದ್ರೆ ಎರಡೆರಡು ಗಂಟೆಗೆ ನಾನು ಮಗ್ಗುಲು ಬದಲಿಸ್ತೀನಿ. ದೇವರು ಬೆಳಿಗ್ಗೆ ಐದಕ್ಕೆ ಎದ್ದು ಈ ಮನೇಲಿ ನೀರು ಕಾಯಿಸಿಲ್ಲ ಪಾಸ್ಟರೇ. ನಾನು ಕಾಯಿಸಿದ್ದೀನಿ. ಅಷ್ಟೇ ನನ್ನ ಸಾಕ್ಷಿ.”

ಪಾಸ್ಟರು ಕೆಮ್ಮಿ, ಸಹನೆಯ ಬಗ್ಗೆ ಒಂದು ಮಾತು ಹೇಳಿ, ಬೇಗ ಮುಗಿಸಿಬಿಟ್ಟರು. ಮಾಡಿಟ್ಟ ಟೀ ಅರ್ಧ ಹಾಗೇ ಉಳಿಯಿತು.

ಎಲ್ಲರೂ ಹೋದ ಮೇಲೆ ಮಗಳು ಕೇಳಿದಳು, “ಸೊಸೆ ನೆನಪಾದ್ಲು. ನಾನು ಯಾಕೆ ನೆನಪಾಗ್ಲಿಲ್ಲ ಅಮ್ಮ?”

“ನೀನು ನನ್ನ ಮಗಳಲ್ವೇನೇ. ನನ್ನ ಕೈಗೆ ನಾನೇ ಉಪಕಾರ ಹೇಳ್ಕೊಳ್ತೀನಾ?”

“ಕೈ ಆದ್ರೆ ನೋವಾದಾಗ ನಿನಗೆ ಗೊತ್ತಾಗ್ಬೇಕಿತ್ತು.”

ತಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಮರುದಿನ ಬೆಳಿಗ್ಗೆ ಮಗಳು ಒಲೆ ಹಚ್ಚಲಿಲ್ಲ. ನಲ್ಲಿಯ ನೀರು ತುಂಬಿದ ಬೇಸಿನ್ನನ್ನೇ ಹಾಸಿಗೆಯ ಪಕ್ಕ ಇಟ್ಟು, ಬಟ್ಟೆ ಅದ್ದಿ ಹಿಂಡಿ, ತಾಯಿಯ ಬೆನ್ನಿಗೆ ಇಟ್ಟಳು. ಮುದುಕಿಯ ಮೈ ಒಮ್ಮೆ ಜಿಲ್ಲೆಂದು ನಡುಗಿತು. ಬೈಯಲಿ ಎಂದು ಮಗಳು ಕಾದಳು. ಒಂದು ಬೈಗುಳ ಸಾಕಿತ್ತು, ಅದು ನೇರ ಅವಳಿಗೇ ಬರುತ್ತಿತ್ತು, ಮಧ್ಯೆ ಯಾರೂ ಇರುತ್ತಿರಲಿಲ್ಲ. ತಾಯಿ ಹಲ್ಲು ಕಚ್ಚಿಕೊಂಡು ಮೆಲ್ಲಗೆ, “ಸ್ತೋತ್ರ ಕರ್ತನೇ, ತಣ್ಣೀರಿಗೂ” ಎಂದಳು.

ಬಟ್ಟೆ ಬೇಸಿನ್ನಿಗೆ ಬಿತ್ತು. ಮಗಳು ಅಡುಗೆಮನೆಗೆ ಹೋಗಿ ನೀರು ಕಾಯಲಿಟ್ಟು, ಅದು ಕುದಿದು ಉಕ್ಕುವವರೆಗೂ ಅಲ್ಲೇ ನಿಂತಿದ್ದಳು. ಬಿಸಿ ಬಟ್ಟೆ ಒತ್ತುವಾಗ ತಾಯಿಯ ಬಾಯಿಂದ ಸ್ತೋತ್ರ ಕೇಳಿಸಲಿಲ್ಲ. ಅಂದಿನಿಂದ ತಾಯಿಯ ತುಟಿ ಅಲುಗುತ್ತಿತ್ತು, ದನಿ ಮಾತ್ರ ಹೊರಡುತ್ತಿರಲಿಲ್ಲ. ಮನಸ್ಸಿನಲ್ಲೇ ಹೇಳುತ್ತಿದ್ದಳು. ಮಗಳು ಗೆದ್ದಿದ್ದಳು. ಯಂತ್ರ ನಿಂತಾಗೆಲ್ಲ ಮನೆ ಬಾವಿಯ ಹಾಗೆ ಬಾಯಿ ತೆರೆದುಕೊಳ್ಳುತ್ತಿತ್ತು. ಕೆಲವೊಮ್ಮೆ ಗಂಜಿಗೆ ಬೇಕೆಂದೇ ಎರಡು ಚಮಚ ತುಪ್ಪ ಹಾಕಿ, ಬಾಗಿಲಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದಳು. ಸ್ತೋತ್ರ ಬರಲಿಲ್ಲ. ದೊಡ್ಡದಾಗಿ ಹೇಳಮ್ಮ ಎಂದು ಬಾಯಿಬಿಟ್ಟು ಕೇಳುವಷ್ಟು ಅವಳೂ ಬಾಗಲಿಲ್ಲ.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ತಾಯಿ ಎರಡು ಚಮಚ ಗಂಜಿ ಕುಡಿದು ಮೂರನೆಯದನ್ನು ಕೈಯಿಂದ ತಡೆದಳು. “ಸಾಕು. ನೀನು ಹೋಗಿ ಉಣ್ಣು” ಎಂದಳು. ಮಗಳು ಉಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಮಾಧಿಯ ಆರಾಧನೆಯಲ್ಲಿ ತಮ್ಮ ಮೈಕು ಹಿಡಿದು, ತಾಯಿಯ ಕೊನೆಯ ಮಾತು ‘ಸ್ತೋತ್ರ ಕರ್ತನೇ’ ಎಂದು ಹೇಳಿದ. ಸಭೆ ಹಲ್ಲೆಲೂಯ ಎಂದಿತು. ತಾಯಿ ಸಾಯುವಾಗ ಅವನು ಊರಲ್ಲೇ ಇರಲಿಲ್ಲ. ಮಗಳು ಮುಂದಿನ ಸಾಲಲ್ಲಿ ಸೆರಗಿನ ತುದಿ ಹಿಡಿದು ಕೂತಿದ್ದಳು. ನಿಜವಾದ ಕೊನೆಯ ಮಾತು ಅವಳ ಪಾಲಿಗೆ ಬಂದಿತ್ತು, ಅದನ್ನು ಮೈಕಿಗೆ ಕೊಡುವ ಮನಸ್ಸಾಗಲಿಲ್ಲ. ಅದು ಉಪಕಾರದ ಮಾತೋ, ತೊಲಗು ಎಂಬ ಮಾತೋ ಅವಳಿಗೂ ತಿಳಿದಿರಲಿಲ್ಲ.

ಸಂಜೆ ಎಲ್ಲರೂ ಚದುರಿದ ಮೇಲೆ ಪಕ್ಕದ ಮನೆಯ ಅಕ್ಕ ಊಟ ತಂದಳು. ಎರಡು ದಿನದಿಂದ ನೀರು ಮಾತ್ರ ಕುಡಿದಿದ್ದ ಹೊಟ್ಟೆ ನಾಚಿಕೆ ಬಿಟ್ಟು ಉಂಡಿತು. ತಟ್ಟೆ ಖಾಲಿಯಾದ ಮೇಲೆ ಟೈಲರಮ್ಮ ತಲೆ ಎತ್ತಿ, ಇಷ್ಟು ವರ್ಷ ತಾನು ಕಾದಿದ್ದ ಮಾತನ್ನು ತಾನೇ ಹೇಳಿದಳು.

“ಅಡುಗೆ ತುಂಬ ಚೆನ್ನಾಗಿತ್ತು ಅಕ್ಕ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು.”

“ಅಯ್ಯೋ, ನಂದೇನಿದೆ ಇದರಲ್ಲಿ” ಎಂದಳು ಅಕ್ಕ ತಟ್ಟೆಗೆ ಕೈ ಚಾಚಿ. “ಎಲ್ಲ ದೇವರು ಮಾಡಿಸಿದ್ದು.”

ಟೈಲರಮ್ಮ ಅವಳ ಕೈ ನೋಡಿದಳು. ಹೆಬ್ಬೆರಳ ಬುಡದಲ್ಲಿ ಹೊಸದಾಗಿ ಸುಟ್ಟ ಗುರುತಿತ್ತು, ಇನ್ನೂ ಕೆಂಪಗಿತ್ತು. ತಟ್ಟೆ ಕೊಡಲಿಲ್ಲ. ಬಚ್ಚಲಿಗೆ ಒಯ್ದು, ಬೂದಿ ಹಾಕಿ ತಿಕ್ಕಿ ತೊಳೆದು, ಒರೆಸಿ ತಂದುಕೊಟ್ಟಳು. ಬರ್ನಾಲ್ ಟ್ಯೂಬನ್ನೂ ಅದರ ಮೇಲಿಟ್ಟಳು.