ಹದಿನೈದು ದಿನಗಳ ಅಂಗಳ

ಟಿವಿಯ ಎಡಗಡೆಯ ಕೆಳಚೌಕದಲ್ಲಿ ಒಬ್ಬ ಮುದುಕಿ ಅಂಗಳ ದಾಟುತ್ತಿದ್ದಳು. ಬಲಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಳು. ಕಂಕುಳಲ್ಲಿ ಖಾಲಿ ಬುಟ್ಟಿ. ಹೇಳದೆ ಕೇಳದೆ ಒಳಗೆ ಬಂದ ಇವಳು ಯಾರೆಂದು ರೋಹತ್ ಕತ್ತು ಮುಂದೆ ಚಾಚಿದಳು. ಮುದುಕಿ ತಂದೂರಿನ ಪಕ್ಕದ ಮಂಚದ ಮೇಲೆ ಕುಳಿತು ಎಡಗೈಯಿಂದ ಮೊಣಕಾಲು ಒತ್ತಿಕೊಂಡಳು. ಅದೇ ಹೊತ್ತಿಗೆ, ರಜಾಯಿಯ ಕೆಳಗೆ, ರೋಹತಳ ಎಡಗೈಯೂ ತನ್ನ ಮೊಣಕಾಲಿನ ಮೇಲಿತ್ತು.

ಮುದುಕಿ ಅವಳೇ.

ಸತ್ತವರು ತಮ್ಮನ್ನು ತಾವೇ ಮೇಲಿನಿಂದ ನೋಡುತ್ತಾರೆಂದು ಆಕೆ ಚಿಕ್ಕಂದಿನಲ್ಲಿ ಕೇಳಿದ್ದಳು. ಆದ್ದರಿಂದ ಮೊದಲು ಚಹಾದ ಬಟ್ಟಲನ್ನು ಎತ್ತಿ ಒಂದು ಗುಟುಕು ಕುಡಿದಳು. ನಾಲಿಗೆ ಸುಟ್ಟಿತು. ಕಾಲುಗಳು ಕೆಂಡದ ಗುಂಡಿಯ ಮೇಲಿಟ್ಟ ಗಿಡ್ಡ ಮೇಜಿನ ಕೆಳಗೆ ಬೆಚ್ಚಗಿದ್ದವು. ತಾನು ಸತ್ತಿಲ್ಲವೆಂಬುದು ಅಷ್ಟರಿಂದ ಖಚಿತವಾಯಿತು. ಇಲ್ಲಿ ಕುಳಿತ ತಾನು ಅಂಗಳದಲ್ಲಿ ಹೇಗಿರಲು ಸಾಧ್ಯ ಎಂಬುದು ಉಳಿಯಿತು.

ಟಿವಿಯಲ್ಲಿ ನಾಲ್ಕು ಚೌಕಗಳಿದ್ದವು: ಬೀದಿ, ಗೇಟು, ಅಂಗಳ, ಜಗುಲಿ. ಒಂದು ವರ್ಷದಿಂದ ಆಕೆ ಬೇರೇನನ್ನೂ ನೋಡಿರಲಿಲ್ಲ. ಮಗ ಎಲ್ಮುರೋದ್ ದೂರದ ಚಳಿನಾಡಿನ ಸುರ್ಗುತ್‌ನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ಮೊದಲು ಕ್ಯಾಮೆರಾ ಹಾಕಿಸಿದ್ದ. ಇಂಟರ್ನೆಟ್ಟಿನ ಬಲ ಸಾಲದೆ ನಾಲ್ಕು ಕ್ಯಾಮೆರಾಗಳ ಚಿತ್ರ ನೇರವಾಗಿ ಅವನ ಫೋನಿಗೆ ತಲುಪುತ್ತಿರಲಿಲ್ಲ. ದಿನವೂ ಹತ್ತು ಗಂಟೆಯ ಬಿಡುವಿನಲ್ಲಿ ಅವನು ವಿಡಿಯೊ ಕರೆ ಮಾಡುತ್ತಿದ್ದ, ತಾಯಿ ತನ್ನ ಫೋನನ್ನು ಟಿವಿಯ ಕಡೆ ಹಿಡಿಯುತ್ತಿದ್ದಳು, ಅವನು ಹೆಂಡತಿಯನ್ನು ನೋಡುತ್ತಿದ್ದ. ಮೂಲೆಯಲ್ಲಿ ಕಾಣುವ ದಿನಾಂಕ ಒಮ್ಮೆಯೂ ಸರಿಯಿರಲಿಲ್ಲ. ಕರೆಂಟು ಹೋದಾಗಲೆಲ್ಲ ಕ್ಯಾಮೆರಾದ ಚಿತ್ರ ಉಳಿಸಿಡುವ ಪೆಟ್ಟಿಗೆಯ ಗಡಿಯಾರ ಮೊದಲಿನಿಂದ ಎಣಿಸುತ್ತಿತ್ತು. ಅವರ ಊರು ಕುವಾದಲ್ಲಿ ಚಳಿಗಾಲದ ಕರೆಂಟು ದಿನಕ್ಕೆ ಎರಡು ಸಲ ಹೋಗುತ್ತಿತ್ತು.

ತೆರೆಯ ಮೇಲೆ ಸೊಸೆ ನಜೋಕತ್ ತಂದೂರಿನೊಳಗೆ ಬಾಗಿ ರೊಟ್ಟಿ ಬಡಿಯುತ್ತಿದ್ದಳು. ಬೆನ್ನು ಕಾಣುತ್ತಿತ್ತು, ಮುಖ ಹೊಸ ಸೊಸೆಯರಂತೆ ಇಳಿಬಿಟ್ಟ ತಲೆವಸ್ತ್ರದ ಒಳಗಿತ್ತು. ಹೊಗೆ ಏಳುತ್ತಿತ್ತು. ಕಿಟಕಿ ಒಂದು ಬೆರಳಷ್ಟು ತೆರೆದಿತ್ತು. ಹೊಗೆಯ ವಾಸನೆ ಬರಲಿಲ್ಲ.

ರೋಹತ್ ಕೋಲು ಹಿಡಿದು ಹೊರಗೆ ಬಂದಳು. ಚಳಿ ಹಿಡಿದ ಮೇಲೆ ಮಧ್ಯಾಹ್ನಕ್ಕೆ ಮೊದಲು ಆಕೆ ಅಂಗಳಕ್ಕೆ ಇಳಿದದ್ದೇ ಅಪರೂಪ. ಅಂಗಳದಲ್ಲಿ ಯಾರೂ ಇರಲಿಲ್ಲ. ತಂದೂರಿನ ಬಾಯಿಗೆ ಕೈ ಇಟ್ಟಳು, ಮಣ್ಣು ತಣ್ಣಗಿತ್ತು. ಅದರಾಚೆ, ಟಿವಿಯಲ್ಲಿ ದಾಳಿಂಬೆ ಗಿಡ ನಿಂತಿದ್ದ ಜಾಗದಲ್ಲಿ, ಆಳುದ್ದದ ಮಣ್ಣಿನ ದಿಬ್ಬವಿತ್ತು. ಹಿಮಕ್ಕೆ ಸಾಯದಿರಲೆಂದು ಮಂಗಳವಾರ ಮಧ್ಯಾಹ್ನ ಗಿಡವನ್ನು ಬಗ್ಗಿಸಿ ಹೂತಿದ್ದರು. ನಜೋಕತ್ ಮಣ್ಣು ಎಳೆದಿದ್ದಳು, ತಾನು ತುಳಿದಿದ್ದಳು. ದಿಬ್ಬದ ಮೇಲೆ ತನ್ನ ಪಾದದ ಗುರುತು ಇನ್ನೂ ಇತ್ತು.

ಆಕೆ ಲೆಕ್ಕ ಹಾಕಿದಳು. ಬುಟ್ಟಿ ಹಿಡಿದು ತಾನು ತಂದೂರಿನ ಬಳಿ ಬಂದದ್ದು ಒಂದೇ ದಿನ: ಹಿಂದಿನ ವಾರದ ಗುರುವಾರ, ಗಂಡನ ಹೆಸರಿಗೆ ಮೊದಲ ರೊಟ್ಟಿ ತೆಗೆದಿಡುವುದಕ್ಕೆ. ಇಂದು ಶನಿವಾರ. ಅಂದರೆ ಒಳಗೆ ಟಿವಿ ತೋರಿಸುತ್ತಿದ್ದುದು ಒಂಬತ್ತು ದಿನ ಹಳೆಯ ಅಂಗಳ.

ಅದೇ ಗುರುವಾರ ಸಂಜೆ ಪಕ್ಕದ ಮನೆಯ ಹೋಸಿಯತ್ ಬಂದು, ನಜೋಕತಳ ತಾಯಿಗೆ ಲಕ್ವ ಹೊಡೆದಿದೆಯೆಂದು ಪಿಸುಗುಟ್ಟಿ ಹೋಗಿದ್ದಳು. ಚಹಾ ತಂದ ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಹೋಗಿ ಬರಲೇ ಎಂದು ಸೊಸೆ ಕೇಳಲಿಲ್ಲ. ಹೋಗಿ ಬಾ ಎಂದು ಅತ್ತೆ ಹೇಳಲಿಲ್ಲ. ಎಲ್ಮುರೋದನ ತಂದೆ ಸತ್ತಾಗ ನಜೋಕತಳ ಅಣ್ಣ ಶೋಕದ ನಡುಪಟ್ಟಿ ಕಟ್ಟಿ ಮನೆಯ ಗಂಡಸರ ಜೊತೆ ಗೇಟಿನಲ್ಲಿ ನಿಲ್ಲಲಿಲ್ಲ. ಬೀಗನಾದವನು, ಬೀದಿಯವರೆಲ್ಲ ನೋಡುತ್ತಿರುವಾಗ, ಬರಲೇ ಇಲ್ಲ. ಅಂದೇ ಎಲ್ಮುರೋದ್ ಹೇಳಿದ್ದ: ಅವಳು ಆ ಮನೆಯ ಹೊಸ್ತಿಲು ತುಳಿದರೆ ಅಲ್ಲೇ ಇರಲಿ, ತಲಾಖಿನ ಮೂರು ಮಾತು ಫೋನಿನಲ್ಲೇ ಹೇಳುತ್ತೇನೆ. ಅವನು ಹೇಳಿದ್ದನ್ನು ಮಾಡುವವನು. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಅದರಲ್ಲಿ ಅವನು ಮನೆಯಲ್ಲಿದ್ದದ್ದು ನಲವತ್ತೊಂದು ದಿನ.

ಒಳಗೆ ಫೋನು ಬಡಿದುಕೊಂಡಿತು. ಹತ್ತು ಗಂಟೆ.

"ಅಸ್ಸಲಾಮು ಅಲೈಕುಂ, ಅಮ್ಮ. ಯಾಕೆ ಏದುಸಿರು ಬಿಡ್ತಿದೀರಿ?"

"ಫೋನ್ ದೂರ ಇತ್ತು. ಅಲ್ಲಿ ಹಿಮ ಬಿತ್ತಾ?"

"ಸೊಂಟದವರೆಗೆ. ಎಲ್ಲಿ, ತೋರ್ಸಿ."

ಆಕೆ ಫೋನನ್ನು ಟಿವಿಯ ಕಡೆ ತಿರುಗಿಸಿದಳು. ಕೈ ತಾನಾಗಿ ಅಭ್ಯಾಸದ ಎತ್ತರಕ್ಕೆ ಏರಿತು.

"ಆಹಾ, ರೊಟ್ಟಿ. ಇಲ್ಲಿ ನಾವು ತಿನ್ನೋದು ಇಟ್ಟಿಗೆ. ಒಂದನ್ನ ನನ್ನ ಹೆಸರಲ್ಲಿ ಮುರೀರಿ." ಆಮೇಲೆ ಕೇಳಿದ: "ಮಂಚದ ಮೇಲೆ ಕೂತಿರೋರು ಯಾರು?"

ತೆರೆಯ ಮೇಲಿನ ಮುದುಕಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ರೊಟ್ಟಿಗೆ ಕಾಯುತ್ತಿದ್ದಳು.

"ಹೋಸಿಯತ್," ಎಂದಳು ರೋಹತ್.

"ಹೋಸಿಯತ್ ಚಿಕ್ಕಮ್ಮನಾ? ಇಷ್ಟು ಮುದುಕಿ ಆಗ್ಬಿಟ್ರಾ? ನಿಮಗಿಂತ ಚಿಕ್ಕವರಲ್ವಾ?"

"ಏಳು ವರ್ಷ."

"ನೀವೇ ವಾಸಿ, ಬಿಡಿ." ಅವನು ನಕ್ಕ, ಆಮೇಲೆ ನಗು ನಿಂತಿತು. "ಅಮ್ಮ, ದಾಳಿಂಬೆ ನಿಂತೇ ಇದೆಯಲ್ಲ. ಮಂಗಳವಾರವೇ ಹೂತಾಯ್ತು ಅಂತ ನಿನ್ನೆ ತಾನೆ ಅಂದಿದ್ರಿ."

ರೋಹತ್ ಕಿಟಕಿಯಾಚೆಯ ದಿಬ್ಬವನ್ನು ನೋಡಿದಳು, ಟಿವಿಯೊಳಗಿನ ಗಿಡವನ್ನು ನೋಡಿದಳು. ನಿಜ ಹೇಳಲು ಒಂದೇ ವಾಕ್ಯ ಸಾಕಾಗಿತ್ತು. ಅದು ಬಾಯಿಗೂ ಬಂದಿತ್ತು.

"ಬಿಸಿಲು ಬಂತು. ಬೇರು ಕೊಳೀತದೆ ಅಂತ ನಾನೇ ಮಣ್ಣು ತೆಗೆಸ್ದೆ. ನಾಳೆ ಮತ್ತೆ ಮುಚ್ತೀವಿ."

"ಹೂಳೋದು, ತೆಗೆಯೋದು. ನಿಮ್ಮಿಬ್ಬರಿಗೂ ಕೆಲಸ ಇಲ್ಲ. ನಾಳೆ ಭಾನುವಾರ, ಮಲಗ್ತೀನಿ, ಸಂಜೆ ಫೋನ್ ಮಾಡ್ತೀನಿ. ಸೋಮವಾರ ಅದನ್ನ ತೋರ್ಸಿ, ಸರಿಯಾಗಿ ಮುಚ್ಚಿದೀರಾ ನೋಡ್ಬೇಕು. ಅಪ್ಪ ನೆಟ್ಟಿದ್ದು."

ಫೋನು ಆರಿತು. ತೆರೆಯ ಮೇಲಿನ ರೋಹತ್ ಬಿಸಿ ರೊಟ್ಟಿಯನ್ನು ಬುಟ್ಟಿಗೆ ಹಾಕಿಸಿಕೊಂಡು ಎದ್ದಳು, ಯಾವ ಚಿಂತೆಯೂ ಇಲ್ಲದವಳಂತೆ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಕೊಟ್ಟಿಗೆಯ ಹಿಂದೆ, ಕ್ಯಾಮೆರಾ ಕಾಣದ ಕಾಲುವೆಯ ಕಡೆಯ ಮುರುಕು ಗೋಡೆಯಲ್ಲಿ ಇಟ್ಟಿಗೆ ಅಲುಗಿದ ಸದ್ದಾಯಿತು. ನಜೋಕತ್ ಒಳಗೆ ಬಂದು, ಎಂದಿನಂತೆ ತಲೆ ಬಗ್ಗಿಸಿ, ಪೆಟ್ಟಿಗೆಯ ಮೌಸಿನ ಕಡೆ ಕೈ ಚಾಚಿದಳು.

"ತಂದೂರು ತಣ್ಣಗಿದೆ," ಎಂದಳು ರೋಹತ್.

ಕೈ ಅಲ್ಲೇ ನಿಂತಿತು. ಹೊರಗೆ ಕೋಳಿ ಮಣ್ಣು ಕೆದಕುವುದು ಕೇಳಿಸಿತು.

"ಎಷ್ಟು ದಿನದಿಂದ?"

"ಶುಕ್ರವಾರದಿಂದ. ಇವತ್ತಿಗೆ ಒಂಬತ್ತು ಬೆಳಿಗ್ಗೆ." ಸೊಸೆ ಅಳಲಿಲ್ಲ. "ಅತ್ತಿಗೆ ಮಧ್ಯಾಹ್ನದವರೆಗೆ ರೇಷ್ಮೆ ಕಾರ್ಖಾನೇಲಿರ್ತಾರೆ. ಬೆಳಿಗ್ಗೆ ತಾಯಿ ಬಾಯಿಗೆ ತುತ್ತು ಹಾಕೋರು ಯಾರೂ ಇಲ್ಲ, ಅಮ್ಮ."

"ಇದನ್ನ ಯಾರು ಹೇಳ್ಕೊಟ್ರು? ಹಳೇ ದಿನ ಹಾಕೋದನ್ನ."

"ನಿಮ್ಮ ಮಗನೇ. ಬೇಸಿಗೇಲಿ ಕೋಳಿ ಕಳೆದಾಗ, ಯಾರು ಕದ್ದರು ನೋಡು ಅಂತ."

ರೋಹತಳ ತುಟಿಯ ಒಂದು ಬದಿ ಅಲುಗಿತು. "ನನ್ನನ್ನೂ ಕೋಳಿ ಮಾಡಿದೆ."

"ಬೇರೆ ದಿನಗಳನ್ನೆಲ್ಲ ಹಾಕಿ ಆಗಿತ್ತು. ಇದೊಂದು ಉಳಿದಿತ್ತು. ನೀವು ಬರೋದು ಅದರಲ್ಲಿದೆ ಅಂತ ನೋಡ್ಲಿಲ್ಲ."

"ಎಲ್ಮುರೋದ್ ದಾಳಿಂಬೆ ನೋಡ್ದ." ಫೋನಿನಲ್ಲಿ ನಡೆದುದನ್ನು ರೋಹತ್ ನಾಲ್ಕು ಮಾತಿನಲ್ಲಿ ಹೇಳಿದಳು. "ಸೋಮವಾರ ಅವನಿಗೆ ಮಣ್ಣಿನ ದಿಬ್ಬ ಕಾಣ್ಬೇಕು. ಪಕ್ಕದಲ್ಲಿ ನೀನೂ ಕಾಣ್ಬೇಕು. ಮಂಗಳವಾರದ ಈಚಿನ ದಿನ ಹಾಕು."

ನಜೋಕತ್ ತಲೆಯಲ್ಲಾಡಿಸಿದಳು. ಪೆಟ್ಟಿಗೆ ಹದಿನೈದು ದಿನಗಳನ್ನು ಇಟ್ಟುಕೊಳ್ಳುತ್ತದೆ, ಹದಿನಾರನೆಯದು ಬಂದಾಗ ಮೊದಲನೆಯದನ್ನು ಅಳಿಸುತ್ತದೆ. ಹದಿನೈದರಲ್ಲಿ ಒಂಬತ್ತು ಬೆಳಗಿನಲ್ಲಿ ಅವಳಿಲ್ಲ. ಉಳಿದ ಆರರಲ್ಲಿ ದಿಬ್ಬವಿಲ್ಲ. ದಿನಕ್ಕೊಂದರಂತೆ ಅವೂ ಹೋಗುತ್ತಿವೆ.

"ದಿಬ್ಬ ಇರೋ ಬೆಳಿಗ್ಗೇಲಿ ನಾನಿಲ್ಲ, ಅಮ್ಮ. ಒಂದರಲ್ಲೂ ಇಲ್ಲ. ಮಧ್ಯಾಹ್ನದ್ದು ಹಾಕಿದ್ರೆ ನೆರಳು ಆ ಕಡೆ ಬಿದ್ದಿರ್ತದೆ." ಅವಳು ಚಾಪೆಯ ಅಂಚನ್ನು ಬೆರಳಿನಿಂದ ನೇವರಿಸಿದಳು. "ನಾಳೆ ನಾನು ಹೋಗಲ್ಲ. ಇಲ್ಲೇ ರೊಟ್ಟಿ ಬಡೀತೀನಿ."

"ಬಾಯಿಗೆ ಯಾರು ಹಾಕ್ತಾರೆ?"

ಸೊಸೆಯ ಬೆರಳು ಚಾಪೆಯ ಅಂಚಿನ ಎಳೆಯೊಂದನ್ನು ಕಿತ್ತಿತು. ರೋಹತ್ ಬಹಳ ಹೊತ್ತು ಟಿವಿಯನ್ನು ನೋಡಿದಳು.

"ನಿನ್ನ ತಾಯಿ ಹೇಗಿದಾಳೆ?"

"ನಿನ್ನೆ ಎಡಗೈ ಅಲ್ಲಾಡಿಸಿದ್ರು."

"ಹಿಟ್ಟು ರಾತ್ರೀನೇ ಕಲಸಿಡು. ಹೋಗ್ವಾಗ ನಿನ್ನ ಹಸಿರು ತಲೆವಸ್ತ್ರ, ಹತ್ತಿ ಕೋಟು ಕೊಟ್ಟಿಗೆ ಹಿಂದಿನ ಗೂಟಕ್ಕೆ ಹಾಕು." ಸೊಸೆ ಮುಖ ಎತ್ತಿದಾಗ ಆಕೆ ಗಡುಸಾಗಿ ಸೇರಿಸಿದಳು: "ನಿನ್ನ ಅಣ್ಣನಿಗೋಸ್ಕರ ಅಲ್ಲ. ಅವನು ಗೇಟಲ್ಲಿ ನಿಲ್ಲದೆ ಇದ್ದದ್ದನ್ನ ನಾನು ಮಣ್ಣಿಗೆ ಹೋಗೋವರೆಗೆ ಮರೆಯಲ್ಲ."

ಭಾನುವಾರ ಒಂಬತ್ತೂವರೆಗೆ ತಂದೂರಿನಲ್ಲಿ ಬೆಂಕಿ ಎದ್ದಿತು. ಹಸಿರು ತಲೆವಸ್ತ್ರದ ಒಳಗೆ ಸೊಸೆಯ ಕೂದಲೆಣ್ಣೆಯ ವಾಸನೆಯಿತ್ತು. ವಸ್ತ್ರ ಎಷ್ಟು ಮುಂದಕ್ಕಿತ್ತೆಂದರೆ ಎದುರಿನ ಕೈಯಗಲ ಮಾತ್ರ ಕಾಣುತ್ತಿತ್ತು. ನಜೋಕತ್ ದಿನವಿಡೀ ನೋಡುತ್ತಿದ್ದದ್ದು ಇಷ್ಟೇ ಎಂದು ರೋಹತ್‌ಗೆ ಹೊಳೆಯಿತು. ತನ್ನ ಸೊಸೆತನದಲ್ಲೂ ಇಷ್ಟೇ ಇತ್ತು. ರೊಟ್ಟಿಯ ನಡುವೆ ಚುಕ್ಕಿ ಮೂಡಿಸುವ ಮೊಳೆಯಚ್ಚು ಒತ್ತಿದಳು, ತಂದೂರಿನೊಳಗೆ ಬಾಗಿದಳು. ಬೆನ್ನ ಹಿಂದೆ, ಎತ್ತರದಲ್ಲಿ, ಕ್ಯಾಮೆರಾ ಇತ್ತು. ಅದನ್ನು ಆಕೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಒಳಗೆ ರಜಾಯಿಯ ಬಳಿ ಯಾರೋ ಕುಳಿತು ತನ್ನನ್ನೇ ನೋಡುತ್ತಿದ್ದಾರೆಂಬ ಭಾವನೆ ಕುತ್ತಿಗೆಯಿಂದ ಇಳಿಯಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ.

ಹನ್ನೊಂದರ ಹತ್ತಿರ ಗೋಡೆಯ ಇಟ್ಟಿಗೆ ಅಲುಗಿತು. ಆಕೆ ಬುಟ್ಟಿ ಹೊತ್ತು ಕೊಟ್ಟಿಗೆಯ ಹಿಂದೆ ಹೋದಳು. ಅಲ್ಲಿ ಇಬ್ಬರೂ ವಸ್ತ್ರ ಬದಲಿಸಿದರು. ಕೋಟು ತೊಟ್ಟು, ಅತ್ತೆಯ ಬಲಗಾಲನ್ನು ಒಮ್ಮೆ ನೋಡಿ, ಬುಟ್ಟಿ ಎತ್ತಿಕೊಂಡು ನಜೋಕತ್ ಜಗುಲಿಯ ಕಡೆ ನಡೆದಳು. ರೋಹತ್ ಗೋಡೆಗೆ ಒರಗಿ ಉಸಿರು ಸುಧಾರಿಸಿಕೊಂಡಳು.

ಸೋಮವಾರ ಹತ್ತು ಗಂಟೆಗೆ ಫೋನು ಬಂದಿತು. ತೆರೆಯ ಮೇಲೆ, ಭಾನುವಾರದ ಅಂಗಳದಲ್ಲಿ, ಹಸಿರು ತಲೆವಸ್ತ್ರದ ಹೆಂಗಸು ದಿಬ್ಬದ ಪಕ್ಕದಲ್ಲಿ ಬಾಗಿ ರೊಟ್ಟಿ ಬಡಿಯುತ್ತಿದ್ದಳು.

"ಚೆನ್ನಾಗಿ ಮುಚ್ಚಿದೀರಿ," ಎಂದ ಎಲ್ಮುರೋದ್. "ತೆಳ್ಳಗಾಗಿದಾಳಾ?"

"ಕೋಟು ದೊಡ್ಡದು."

"ಊಟ ಹಾಕಿ ಅವಳಿಗೆ. ಇಷ್ಟು ದೂರದಿಂದಲೂ ನನ್ನ ಹೆಂಡತಿ ಬೆನ್ನು ಸಾವಿರದಲ್ಲಿ ಗುರುತು ಹಿಡೀತೀನಿ."

"ಹಿಡೀತೀಯಪ್ಪ," ಎಂದಳು ರೋಹತ್.

ಕರೆ ಮುಗಿದ ಮೇಲೂ ಆಕೆ ಟಿವಿ ಆರಿಸಲಿಲ್ಲ. ಚಹಾ ಆರಿತು, ಮತ್ತೆ ಬಗ್ಗಿಸಿಕೊಂಡಳು. ತೆರೆಯ ಮೇಲೆ ಸದ್ದಿಲ್ಲದ ಹೊಗೆ ದಿಬ್ಬದ ಮೇಲೆ ಹಾದು ಹೋಗುತ್ತಿತ್ತು. ಕೊನೆಗೆ ಹೆಂಗಸು ಬುಟ್ಟಿ ಎತ್ತಿಕೊಂಡು, ಬಲಗಾಲನ್ನು ಸ್ವಲ್ಪ ಎಳೆದು ಹಾಕುತ್ತ, ಅಂಗಳದ ಚೌಕದಿಂದ ಹೊರಗೆ ಹೋದಳು. ಇಲ್ಲಿಯವರೆಗೆ ತಾನು. ರೋಹತ್ ಜಗುಲಿಯ ಚೌಕಕ್ಕೆ ಕಣ್ಣು ಹೊರಳಿಸಿ ಕಾದಳು. ಇನ್ನು ಬರಬೇಕಾದವಳು ಇಪ್ಪತ್ತಮೂರು ವರ್ಷದ ಗಟ್ಟಿ ಕಾಲಿನ ಹುಡುಗಿ.

ಅರ್ಧ ನಿಮಿಷದ ಮೇಲೆ ಹಸಿರು ತಲೆವಸ್ತ್ರ ಜಗುಲಿಯ ಮೆಟ್ಟಿಲ ಬಳಿ ಕಾಣಿಸಿತು. ಕಂಕುಳಲ್ಲಿ ಅದೇ ಬುಟ್ಟಿ. ಮುಖ ಒಳಗಿತ್ತು. ಅವಳು ಮೂರು ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಬಾಗಿಲ ಕಡೆ ನಡೆದಳು, ಬಲಗಾಲನ್ನು ಸ್ವಲ್ಪ ಎಳೆದು ಹಾಕುತ್ತ.