ನಾಗಲಾಂಬಿಕೆಯ ಟ್ಯೂನು

ಧಾರಾವಾಹಿಯಲ್ಲಿ ಅತ್ತೆ ಬಾಗಿಲಿಗೆ ಬಂದಳೆಂದರೆ ಗುಡುಗಬೇಕು, ಮಿಂಚಬೇಕು, ಕ್ಯಾಮೆರಾ ಮೂರು ಸಲ ಅವಳ ಮುಖಕ್ಕೆ ನುಗ್ಗಬೇಕು. ಇದು ಯಾರು ಹೊರಡಿಸಿದ ಕಾನೂನೋ ದೇವರಿಗೇ ಗೊತ್ತು. ಅಕ್ಷಯಾ ಆ ಕಾನೂನನ್ನು ಮುರಿದಿದ್ದಳು.

ವಿನೋಬನಗರದ ಮನೆಯ ಮಹಡಿ ಕೋಣೆಯಲ್ಲಿ ಕೂತು ಅವಳು ‘ಮೂರು ಗಂಟಿನ ಮನೆ’ ಎಂಬ ಧಾರಾವಾಹಿಗೆ ಹಿನ್ನೆಲೆ ಸಂಗೀತ ಮಾಡುತ್ತಿದ್ದಳು. ಅಳುವುದಕ್ಕೊಂದು, ಅನುಮಾನಕ್ಕೊಂದು, ಜಗಳಕ್ಕೊಂದು ಎಂದು ತುಣುಕುಗಳನ್ನು ಮಾಡಿ ಬೆಂಗಳೂರಿಗೆ ಕಳಿಸಿದರೆ, ಅಲ್ಲಿ ಎಡಿಟರು ಬೇಕಾದ ಕಡೆ ಅಂಟಿಸಿಕೊಳ್ಳುತ್ತಿದ್ದರು. ಆದರೆ ಕಥೆಯ ಘಟವಾಣಿ ಅತ್ತೆ ನಾಗಲಾಂಬಿಕೆಯ ಪ್ರವೇಶಕ್ಕೆಂದೇ ಅವಳು ಮಾಚೇನಹಳ್ಳಿಗೆ ಹೋಗಿ, ಅಣ್ಣ ಪ್ರಕಾಶನ ವರ್ಕ್‌ಶಾಪಿನಲ್ಲಿ ತಗಡಿನ ಮೇಲೆ ಬೀಳುವ ಸುತ್ತಿಗೆಯ ಪೆಟ್ಟನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಆ ಪೆಟ್ಟಿನ ಮೇಲೆ ನಿಧಾನವಾಗಿ ಏರುವ ನಾದಸ್ವರ. ಕೇಳಿದರೆ ಹೆದರಿಕೆಯಾಗುತ್ತಿರಲಿಲ್ಲ, ಎದ್ದು ನಿಲ್ಲಬೇಕು ಅನ್ನಿಸುತ್ತಿತ್ತು. ಇಷ್ಟು ವರ್ಷ ಮಾಡಿದ್ದರಲ್ಲಿ ಇದೊಂದು ಮಾತ್ರ ಪೂರಾ ತನ್ನದು ಎಂದು ಅವಳು ನಂಬಿದ್ದಳು.

ಚಾನೆಲ್‌ನ ಹರಿಪ್ರಸಾದರಿಗೆ ಹಾಗನ್ನಿಸಲಿಲ್ಲ. ಶುಕ್ರವಾರ ಫೋನ್ ಮಾಡಿದರು.

“ನೋಡಮ್ಮ, ಅತ್ತೆ ಬಂದ್ರೆ ಜನಕ್ಕೆ ನಡುಕ ಹುಟ್ಬೇಕು. ನಿಂದು ಒಳ್ಳೆ ಮೆರವಣಿಗೆ ಥರ ಇದೆ. ಸೋಮವಾರದಿಂದ ತೆಗೀತೀವಿ. ಮಾಮೂಲಿ ಗುಡುಗು ಮಾಡಿ ಕಳ್ಸು.”

“ಸರ್, ಜನಕ್ಕೆ ಇಷ್ಟ ಆಗಿದೆ.”

“ಯಾವ ಜನ? ತೋರ್ಸು ನೋಡೋಣ.”

ಎಲ್ಲಿಂದ ತೋರಿಸುವುದು? ಸಂಜೆ ಟಿವಿ ಮುಂದೆ ಅವರೆಕಾಳು ಸುಲಿಯುತ್ತ ಕೇಳುವವರು ಚಾನೆಲ್‌ಗೆ ಫೋನ್ ಮಾಡಿ ಹೊಗಳುತ್ತಾರೆಯೇ? ಗುಡುಗು ಮಾಡಲು ಕೂತರೆ ಅವಳಿಗೆ ಕೈಯೇ ಬರಲಿಲ್ಲ. ಸಿಟ್ಟು ಬಂತು, ಆಮೇಲೆ ಅಳುವೂ ಬಂತು.

ಶನಿವಾರ ಸಂಜೆ ಭದ್ರಾವತಿಯ ನ್ಯೂಟೌನಿಗೆ, ಗೆಳತಿ ರಶ್ಮಿಯ ಮದುವೆಗೆ ಹೋದದ್ದೂ ಅದೇ ಸಪ್ಪೆ ಮುಖ ಹೊತ್ತುಕೊಂಡು. ಕಲ್ಯಾಣಮಂಟಪದಲ್ಲಿ ಹೆಣ್ಣಿನ ಕಡೆಯವರೆಲ್ಲ ತುದಿಗಾಲಲ್ಲಿ ನಿಂತಿದ್ದರು. ಗಂಡಿನ ತಾಯಿ ಜಗದಾಂಬಾ ಬಲು ಬಿಗಿ ಹೆಂಗಸು ಎಂಬ ಸುದ್ದಿ ಅವರಿಗಿಂತ ಮೊದಲೇ ಬಂದು ತಲುಪಿತ್ತು.

ಬೀಗರ ಬಸ್ಸು ಬಂತು. ಆರತಿ ತಟ್ಟೆ ಬಾಗಿಲಿಗೆ ಹೋಯಿತು. “ವಾಲಗದೋರೇ, ಊದ್ರಪ್ಪಾ!” ಎಂದು ಯಾರೋ ಕೂಗಿದರು.

ವಾಲಗದ ಕೃಷ್ಣಪ್ಪ ಪಾಪ, ಧಾರಾವಾಹಿ ನೋಡುವವರಲ್ಲ. ದಿನಾ ಸಂಜೆ ಜಗಲಿಯಲ್ಲಿ ಕೂತಾಗ ಒಳಗಿನ ಟಿವಿಯಿಂದ ಒಂದು ಟ್ಯೂನು ಕೇಳಿಬರುತ್ತಿತ್ತು. ಯಾರೋ ದೊಡ್ಡವರನ್ನು ಮನೆಗೆ ಬರಮಾಡಿಕೊಳ್ಳುವ ಮಂಗಳವಾದ್ಯ ಇರಬೇಕೆಂದು ತಿಳಿದು, ಅದನ್ನು ನಾದಸ್ವರಕ್ಕೆ ಕೂರಿಸಿಕೊಂಡಿದ್ದರು. ಬೀಗಿತ್ತಿ ಹೊಸಿಲಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಅದನ್ನೇ ಊದಿದರು. ಡೋಲಿನವನು ಸುತ್ತಿಗೆಯ ಪೆಟ್ಟನ್ನೂ ಬಿಡಲಿಲ್ಲ.

ಇಡೀ ಮಂಟಪ ಬಾಗಿಲ ಕಡೆ ತಿರುಗಿತು. “ಅಯ್ಯಯ್ಯೋ, ನಾಗಲಾಂಬಿಕೆ!” ಎಂದಿತು ಒಂದು ಹೆಣ್ಣುದನಿ. ರಶ್ಮಿಯ ತಾಯಿ ಆರತಿ ಎತ್ತುವುದನ್ನೇ ಮರೆತರು. ಅಕ್ಷಯಾಳ ಜೀವ ಬಾಯಿಗೆ ಬಂತು. ಟ್ಯೂನು ಹೋದರೆ ಹೋಗಲಿ, ಗೆಳತಿಯ ಮದುವೆಗೂ ಕಲ್ಲು ಹಾಕಿತಲ್ಲ!

ಜಗದಾಂಬಾ ನಿಂತರು. ವಾಲಗದವರ ಕಡೆ ಒಮ್ಮೆ ನೋಡಿದರು. ಆಮೇಲೆ ಸೆರಗು ಝಾಡಿಸಿ ಸೊಂಟಕ್ಕೆ ಸಿಕ್ಕಿಸಿ, ಒಂದು ಹುಬ್ಬು ಮೇಲೇರಿಸಿ, ಡೋಲಿನ ಪೆಟ್ಟಿಗೊಂದು ಹೆಜ್ಜೆ ಇಡುತ್ತ ನಾಗಲಾಂಬಿಕೆಯ ಗತ್ತಿನಲ್ಲೇ ಒಳಗೆ ನಡೆದು ಬಂದರು. ರಶ್ಮಿಯ ಮುಂದೆ ನಿಂತು, “ಏನೇ ಸೊಸೆ, ಕಾಫಿ ಎಲ್ಲೇ?” ಎಂದು ಗದರಿದರು. ಮರುಕ್ಷಣ ತಾವೇ ತಡೆಯಲಾರದೆ ಗೊಳ್ಳೆಂದು ನಕ್ಕರು. ಮಂಟಪದ ತುಂಬ ಚಪ್ಪಾಳೆ, ಶಿಳ್ಳೆ.

“ಈ ಟ್ಯೂನ್ ಕೇಳೋಕೇ ನಾನು ಸೀರಿಯಲ್ ನೋಡೋದು ಮಾರಾಯ್ತಿ,” ಎಂದರು ರಶ್ಮಿಯ ತಾಯಿಗೆ. “ಇದು ಬಂತು ಅಂದ್ರೆ ಕೂತಲ್ಲೇ ಬೆನ್ನು ನೆಟ್ಟಗಾಗುತ್ತೆ.”

ರಶ್ಮಿ ಅಕ್ಷಯಾಳನ್ನು ಮುಂದಕ್ಕೆ ತಳ್ಳಿದಳು. “ಅತ್ತೆ, ಇದನ್ನ ಮಾಡಿದ್ದು ಇವಳೇ.”

“ಹೌದಾ? ಇಷ್ಟು ಗತ್ತು ಎಲ್ಲಿಟ್ಕೊಂಡಿದೀಯೇ ಹುಡುಗಿ?”

“ಸೋಮವಾರದಿಂದ ತೆಗೀತಾರಂತೆ ಅಮ್ಮ,” ಎಂದಳು ಅಕ್ಷಯಾ. “ಯಾವ ಜನ ಕೇಳ್ತಾರೆ, ತೋರ್ಸು ಅಂದ್ರು.”

“ತೋರ್ಸೋಣ. ವಿಡಿಯೋ ಕಾಲ್ ಮಾಡು.”

ಹರಿಪ್ರಸಾದರ ಮುಖ ಫೋನಿನಲ್ಲಿ ಮೂಡಿತು. ಜಗದಾಂಬಾ ಫೋನನ್ನು ಕಿತ್ತುಕೊಂಡು, “ನಮಸ್ಕಾರ ಸ್ವಾಮಿ, ಯಾವ ಜನ ಅಂತ ಕೇಳಿದ್ರಂತಲ್ಲ, ನೋಡಿ,” ಎಂದು ಮಂಟಪದ ಕಡೆ ತಿರುಗಿಸಿ, ಕೃಷ್ಣಪ್ಪನವರಿಗೆ ಸನ್ನೆ ಮಾಡಿದರು. ನಾದಸ್ವರ ಮತ್ತೆ ಏರಿತು. ಅಜ್ಜಿಯರು, ಮಕ್ಕಳು, ಸೌಟು ಹಿಡಿದ ಅಡುಗೆಯವರು, ಎಲ್ಲರೂ ಡೋಲಿನ ಪೆಟ್ಟಿಗೆ ಸರಿಯಾಗಿ ಚಪ್ಪಾಳೆ ತಟ್ಟಿದರು. ಅಕ್ಷಯಾಳ ಕಣ್ಣು ತುಂಬಿ ಹರಿಯಿತು. ಈ ಸಲ ಒರೆಸಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ, ಅವಳೂ ತಟ್ಟುತ್ತಿದ್ದಳು.

ಫೋನು ವಾಪಸು ಅವಳ ಕೈಗೆ ಬಂದಾಗ ಹರಿಪ್ರಸಾದ್ ಕಿವಿ ಉಜ್ಜಿಕೊಳ್ಳುತ್ತಿದ್ದರು.

“ಆಯ್ತಮ್ಮ, ಟ್ಯೂನ್ ಇರ್ಲಿ. ಆ ಗುಡುಗು ಕಳ್ಸಬೇಡ.”

“ಅದನ್ನ ನಾನು ಮಾಡೇ ಇರ್ಲಿಲ್ಲ ಸರ್,” ಎಂದಳು ಅಕ್ಷಯಾ.