ಐದನೆಯ ಪ್ರತಿ

ಮಗಳು ಅಮ್ಮನ ಬಲಗೈಯ ಬೆರಳುಗಳನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಲೇ ಇದ್ದಳು. ಹೆಬ್ಬೆರಳಿನ ಅಂಚಿಗೆ ಹತ್ತಿದ್ದ ಕಾರ್ಬನ್ ಕಾಗದದ ನೀಲಿ ಹೋಗುತ್ತಿರಲಿಲ್ಲ.

"ಸಾಕು ಬಿಡೇ, ಚರ್ಮ ಕಿತ್ತುಬಂದೀತು," ಎಂದಳು ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ. "ರಿಟೈರಾಗಿ ಆರು ವರ್ಷ ಆಯ್ತು. ಇನ್ನೂ ಕಾರ್ಬನ್ ಇಟ್ಟು ಬರೀತಿದ್ಲಾ ಅಕ್ಕ?"

"ಹೋದ ವಾರಾನೂ ಬರೆದ್ಲು. ಆಸ್ಪತ್ರೆಗೆ ಹೊರಟ ದಿನ, ಆಟೋ ಬಾಗಿಲಲ್ಲಿ ನಿಂತಿತ್ತು."

"ಯಾರಿಗೆ?"

"ಇಲಾಖೆಗೆ. ಇನ್ಯಾರಿಗೆ."

ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುವುದಿತ್ತು. ಮುಂದಿನ ಕೋಣೆಯಲ್ಲಿ ಅಕ್ಕಪಕ್ಕದ ಮನೆಗಳಿಂದ ತಂದ ಕುರ್ಚಿಗಳು ಒಂದಕ್ಕೊಂದು ಹೊಂದದೆ ನಿಂತಿದ್ದವು. ಅಮ್ಮನ ಆಫೀಸಿನವರು ಒಂದು ಮೂಲೆ ಹಿಡಿದಿದ್ದರು. ನಡುವೆ ಅವಳ ಹಳೆಯ ಮೇಲಧಿಕಾರಿ. ನಿವೃತ್ತರಾದ ಮೇಲೂ ಎಲ್ಲರಿಗೂ ಸಾಹೇಬರೇ.

"ನಾವೆಲ್ಲ ಅವರಿಗೆ ಐದನೇ ಕಾಪಿ ಮೇಡಂ ಅಂತಿದ್ವಿ," ಎಂದು ಟೈಪಿಸ್ಟು ಚಿಕ್ಕಮ್ಮನಿಗೆ ಹೇಳುತ್ತಿದ್ದ. "ಛತ್ರಿ ಕಡ ಕೊಟ್ರೂ, ಮನೆಗೆ ತಲುಪಿದೆ ಅಂತ ಚೀಟಿ ಬರ್ಲಿ ಅಂತ ಕಾಯೋರು."

ಚಿಕ್ಕಮ್ಮ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಹೇಬರು ಮಾತ್ರ ನಗಲಿಲ್ಲ.

*

ದೇಶದಿಂದ ಹೊರಗೆ ಹೋಗುವ ವಿಷದ ಕಸಕ್ಕೆ ಒಂದು ಸಾಗಣೆ ಪತ್ರ ಇರುತ್ತದೆ, ಐದು ಪ್ರತಿಗಳಲ್ಲಿ. ಒಂದು ಕಾರ್ಖಾನೆಗೆ, ಒಂದು ಲಾರಿಗೆ, ಒಂದು ಗಡಿಠಾಣೆಗೆ, ಒಂದು ಆಚೆ ಇಳಿಸಿಕೊಳ್ಳುವ ಘಟಕಕ್ಕೆ. ಹಳದಿ ಬಣ್ಣದ ಐದನೆಯದು ಮಾತ್ರ, ಸರಕನ್ನು ಸುಟ್ಟು ಮುಗಿಸಿದ್ದೇವೆ ಎಂಬ ಸಹಿ ಹೊತ್ತು ವಾಪಸು ಬರಬೇಕು. ಅದು ಬರುವ ತನಕ ಕಡತ ಮುಚ್ಚುವಂತಿಲ್ಲ. ಅದಕ್ಕಾಗಿ ಕಾಯುವುದೇ ಇಲಾಖೆಯಲ್ಲಿ ಅಮ್ಮನ ಕೆಲಸವಾಗಿತ್ತು.

ಕಳಿಸುವ ಮೊದಲೂ ಒಂದು ಕೆಲಸವಿತ್ತು. ಆಚೆಯ ಸರ್ಕಾರದ ಒಪ್ಪಿಗೆ ಪತ್ರ ಬಂದರೆ ಸಾಲದು, ಆ ಘಟಕಕ್ಕೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು. ಬಣ್ಣದ ಕಾರ್ಖಾನೆಯ ಅರವತ್ತನಾಲ್ಕು ಡ್ರಮ್ಮುಗಳು ಹೊರಡಲಿದ್ದ ದಿನ ಅವಳು ಬೆಳಿಗ್ಗೆಯಿಂದ ಅದೇ ನಂಬರು ತಿರುಗಿಸುತ್ತಿದ್ದಳು.

"ಎಂಗೇಜ್ ಬರ್ತಿದೆ ಸಾರ್."

"ಕೆಲಸ ನಡೆಯೋ ಜಾಗ ಅಂದ್ಮೇಲೆ ಫೋನ್ ಎಂಗೇಜ್ ಇರಲ್ವೇನ್ರಿ?" ಎಂದರು ಸಾಹೇಬರು. "ಒಪ್ಪಿಗೆ ಪತ್ರದ ಮೇಲೆ ಸೀಲ್ ಇದೆಯಲ್ಲ. ಲಾರಿ ಗೇಟಲ್ಲಿ ನಿಂತಿದೆ. ಹಾಕಿ."

ಮಗಳಿಗೆ ಜ್ವರವಿತ್ತು, ಐದೂವರೆಯ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. 'ಪರಿಶೀಲಿಸಲಾಗಿದೆ' ಎಂಬ ಅಚ್ಚಿನ ಪದದ ಮುಂದೆ ಅವಳು ಸಹಿ ಹಾಕಿದಳು.

ತೊಂಬತ್ತು ದಿನ ಕಳೆದರೂ ಹಳದಿ ಪ್ರತಿ ಬರಲಿಲ್ಲ. ಮತ್ತೆ ಫೋನ್ ಮಾಡಿದಳು. ಈ ಸಲ ಮೊದಲ ರಿಂಗಿಗೇ ಎತ್ತಿದರು.

"ಹೇಳಿ, ಕಟಿಂಗ್ ಶಾಪ್."

ಅವಳು ನಂಬರು ಓದಿ ಹೇಳಿದಳು. ಅದೇ ನಂಬರು ಎಂದ ಆಚೆಯವನು. ಘಟಕದ ಹೆಸರು ಹೇಳಿದಳು. ಆ ಹೆಸರನ್ನೇ ಕೇಳಿಲ್ಲ ಎಂದ.

"ನಿಮ್ಮ ಊರಲ್ಲಿ ನೀಲಿ ಡ್ರಮ್ಮುಗಳು ಎಲ್ಲಾದ್ರೂ ಬಂದು ಇಳಿದಿವೆಯಾ?"

"ಓ, ಅವಾ," ಎಂದ ಅವನು ಖುಷಿಯಿಂದ. "ಇಟ್ಟಿಗೆ ಗೂಡಿನ ಹಿಂದೆ ರಾಶಿ ಹಾಕಿದ್ರು. ಯಾರೋ ಅದರಲ್ಲಿದ್ದಿದ್ದನ್ನ ಹಳ್ಳಕ್ಕೆ ಸುರಿದು, ತೊಳೆದು ಮಾರ್ತಿದ್ದಾರೆ. ಗಟ್ಟಿ ಮಾಲು, ಅಗ್ಗ ಬೇರೆ. ನಮ್ಮಣ್ಣನ ಮನೇಲೂ ಒಂದು ತಗೊಂಡಿದ್ದಾರೆ, ನೀರು ತುಂಬಿಡೋಕೆ. ನಿಮಗೂ ಬೇಕಿತ್ತಾ?"

*

ಗಾಡಿ ಬರುವ ಹೊತ್ತಿಗೆ ಅಪರಿಚಿತನೊಬ್ಬ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ. ಐವತ್ತು ದಾಟಿದವನು. ಪ್ರಯಾಣದ ಧೂಳು ಮೆತ್ತಿದ ಅಂಗಿ.

"ಯಾರು ಬೇಕಿತ್ತು?" ಎಂದು ಚಿಕ್ಕಮ್ಮ ಕೇಳಿದಳು.

"ಮೇಡಮ್ಮು... ನಿನ್ನೆ ಫೋನ್ ಮಾಡಿದ್ದೆ. ಮಗಳು ಹೇಳಿದ್ರು."

ಕೊನೆಯ ಅಕ್ಷರವನ್ನು ಎಳೆಯುವ ಆ ಗಡಿಯಾಚೆಯ ಮಾತು ಕೇಳಿ ಮಗಳು ಎದ್ದು ಬಂದಳು. ಹದಿನೇಳು ವರ್ಷ, ಪ್ರತಿ ತಿಂಗಳ ಮೊದಲ ಸೋಮವಾರ, ಅಮ್ಮನ ಫೋನಿನಿಂದ ಸೋರಿ ಬರುತ್ತಿದ್ದ ದನಿ. ಮುಖ ನೋಡುತ್ತಿದ್ದುದು ಈಗಲೇ.

"ಕ್ಷೌರದಂಗಡಿ ಅಣ್ಣಾ," ಎಂದಳು. "ಒಳಗೆ ಬನ್ನಿ."

ಅವನು ಹೆಣದ ಕಾಲ ಬಳಿ ಬಹಳ ಹೊತ್ತು ನಿಂತ. "ಎತ್ತರಕ್ಕಿದ್ದಾರೆ ಅಂದ್ಕೊಂಡಿದ್ದೆ," ಎಂದ. "ದನಿ ಹಾಗಿತ್ತು." ಆಮೇಲೆ ಯಾರೂ ಕೇಳದಿದ್ದರೂ ಗಾಡಿಗೆ ಎತ್ತುವಾಗ ಹೆಗಲು ಕೊಟ್ಟ.

*

ಸರಕು ಅಕ್ರಮವಾಗಿ ಹೋಗಿದೆ ಎಂದು ಸಾಬೀತಾದರೆ ಕಳಿಸಿದ ದೇಶವೇ ವಾಪಸು ತರಬೇಕು. ನಿಯಮ ಸ್ಪಷ್ಟವಾಗಿತ್ತು. ಆದರೆ ಸಾಬೀತು ಮಾಡಲು, ಪರಿಶೀಲಿಸದೆ ಬಿಟ್ಟೆವು ಎಂದು ಇಲ್ಲಿ ಯಾರಾದರೂ ಬರೆದುಕೊಡಬೇಕಿತ್ತು.

"ಬರೀಬೇಡಿ," ಎಂದರು ಸಾಹೇಬರು, ಬಾಗಿಲು ಹಾಕಿಕೊಂಡು. "ಕಾಗದದ ಮೇಲೆ ಎಲ್ಲ ಸರಿ ಇದೆ. ಇದು ಆಚೆಯವರ ತಲೆನೋವು. ನೀವು ಬರೆದ್ರೆ ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ ಹಾಗೆ."

"ಅದರಲ್ಲಿ ನೀರು ತುಂಬ್ತಿದ್ದಾರೆ ಸಾರ್."

"ನಾನು ಹಾಕಿ ಅಂದಿದ್ದು ಬರೀತೀರಾ?"

"ಸಹಿ ನಂದು," ಎಂದಳು.

ಸಾಹೇಬರ ಹೆಸರಿಲ್ಲದೆ ಬರೆದುಕೊಟ್ಟಳು. ಬಡ್ತಿ ನಿಂತಿತು. ಮುಂದಿನ ವರ್ಷಗಳನ್ನೆಲ್ಲ ಹಳೆಯ ಕಡತಗಳ ಕೋಣೆಯಲ್ಲಿ ಕಳೆದಳು. ನಾಲ್ಕು ವರ್ಷದ ಮೇಲೆ ಗೂಡಿನ ಹಿಂದೆ ತುಂಬಿಕೊಂಡೇ ನಿಂತಿದ್ದ ನಲವತ್ತೊಂದು ಡ್ರಮ್ಮುಗಳು ಗಡಿ ದಾಟಿ ವಾಪಸು ಬಂದವು. ಬರಿದಾಗಿ ಮನೆಮನೆ ಸೇರಿದ್ದ ಇಪ್ಪತ್ತಮೂರರ ಹೊಣೆ ಯಾವ ಇಲಾಖೆಯದ್ದೂ ಆಗಲಿಲ್ಲ. ಅವನ್ನು ಹುಡುಕಿದವನು ಕ್ಷೌರಿಕ. ಗಡ್ಡ ಕೆರೆಸಿಕೊಳ್ಳಲು ಬಂದವರನ್ನೆಲ್ಲ ವಿಚಾರಿಸಿ, ಮನೆಗೆ ಹೋಗಿ, ಡ್ರಮ್ಮಿನ ತಳದ ನಂಬರು ಬರೆದುಕೊಂಡು, ಮತ್ತೆ ಯಾರೂ ಬಳಸದಂತೆ ತೂತು ಹೊಡೆದು ಬರುತ್ತಿದ್ದ. ಸೋಮವಾರ ಅವಳಿಗೆ ಓದಿ ಹೇಳುತ್ತಿದ್ದ.

ಎರಡು ತಿಂಗಳು ಆ ಡ್ರಮ್ಮಿನ ನೀರು ಕುಡಿದಿದ್ದ ಅವನ ಅತ್ತಿಗೆ ತೀರಿಕೊಂಡ ತಿಂಗಳು ಅವನು ಫೋನ್ ಎತ್ತಲಿಲ್ಲ. ಅದರಿಂದಲೇ ಹೋದರು ಎಂದು ಯಾವ ವೈದ್ಯರೂ ಬರೆದುಕೊಡಲಿಲ್ಲ. ಅಲ್ಲ ಎಂದೂ ಬರೆದುಕೊಡಲಿಲ್ಲ. ಅಂದಿನಿಂದ ಅಮ್ಮ ಒಬ್ಬಳೇ ಇರುವಾಗ ಯಾರೊಂದಿಗೋ ಮಾತಾಡುವುದು ಮಗಳಿಗೆ ಕೇಳಿಸತೊಡಗಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ನಡು ಮಧ್ಯಾಹ್ನ, ತೀರಾ ಸಾಮಾನ್ಯ ದನಿಯಲ್ಲಿ: "ಬೇಡಮ್ಮ, ಅದರಲ್ಲಿ ತುಂಬಬೇಡ. ಚೆಲ್ಲಿಬಿಡು." ಮಗಳು ಒಳಗೆ ಹೋಗಿ ನೋಡಿದರೆ ನಲ್ಲಿ ಹರಿಯುತ್ತಿರುತ್ತಿತ್ತು, ಅಮ್ಮ ಪಕ್ಕಕ್ಕೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟು ನಿಂತಿರುತ್ತಿದ್ದಳು.

*

ಸ್ಮಶಾನದಿಂದ ಬಂದು ಕೈಕಾಲು ತೊಳೆದು ಎಲ್ಲರೂ ಕುರ್ಚಿಗಳಲ್ಲಿ ಕೂತರು. ಕ್ಷೌರಿಕ ಮಾತ್ರ ಮಗಳನ್ನು ಹುಡುಕಿಕೊಂಡು ಹಿಂದಿನ ಜಗಲಿಗೆ ಬಂದ.

"ನಿಮಗೊಂದು ಹೇಳ್ಬೇಕಿತ್ತು. ಅದಕ್ಕೇ ಇಷ್ಟು ದೂರ ಬಂದೆ."

"ಹೇಳಿ."

"ಇಪ್ಪತ್ತಮೂರು ಡ್ರಮ್ಮಲ್ಲಿ ಇಪ್ಪತ್ತೊಂದು ಸಿಕ್ಕಿತ್ತು, ನಿಮಗೆ ಗೊತ್ತು. ಎರಡು ಉಳಿದಿತ್ತು. ಹೋದ ತಿಂಗಳು ಮೇಡಮ್ಮಿನ ದನಿ ಕೇಳಿ ನನಗೆ ತಡೀಲಿಕ್ಕಾಗಲಿಲ್ಲ. ಎರಡೂ ಸಿಕ್ತು ಅಂದೆ."

ಮಗಳು ಜಗಲಿಯ ಅಂಚಿಗೆ ಕೂತಳು.

"ನಂಬರ್ ಓದಿ ಅಂದ್ರು. ನನ್ನ ಹತ್ರ ಎಲ್ಲಿತ್ತು? ಮೊದಲು ಸಿಕ್ಕಿದ್ದರಲ್ಲೇ ಎರಡು ಓದಿದೆ. ಸ್ವಲ್ಪ ಹೊತ್ತು ಉಸಿರಷ್ಟೇ ಕೇಳಿಸ್ತಿತ್ತು. ಆಮೇಲೆ, ಉಪಕಾರವಾಯ್ತು ಅಣ್ಣ, ಅಂದ್ರು." ಅವನು ಅಂಗೈ ಉಜ್ಜಿಕೊಂಡ. "ನಂಬಿದ್ರಾ ಅವರು?"

ಅಮ್ಮನಿಗೆ ಅರವತ್ತನಾಲ್ಕು ನಂಬರುಗಳೂ ಬಾಯಿಪಾಠವಾಗಿದ್ದವು. ಆಸ್ಪತ್ರೆಗೆ ಹೊರಟ ದಿನ ಬರೆದ ಕಾಗದವನ್ನು ಅಂಚೆಗೆ ಹಾಕಿದವಳು ಮಗಳೇ. ಎರಡು ಡ್ರಮ್ಮುಗಳು ಇನ್ನೂ ಪತ್ತೆಯಾಗಿಲ್ಲ, ದಯಮಾಡಿ ಕಡತ ಮುಚ್ಚಬಾರದು ಎಂದಿತ್ತು ಅದರಲ್ಲಿ.

"ನಂಬಿದ್ರು," ಎಂದಳು ಮಗಳು. "ಅವತ್ತು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದ್ರು."

ಅವನು ಗೋಡೆಗೆ ಒರಗಿದ. "ನಾನು ಹುಡುಕೋದು ಬಿಟ್ಟಿಲ್ಲ," ಎಂದ.

"ಗೊತ್ತು. ಬನ್ನಿ, ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ನೀವು."

ಮುಂದಿನ ಕೋಣೆಯಲ್ಲಿ ಚಿಕ್ಕಮ್ಮ ಎಲ್ಲರಿಗೂ ನೀರು ಕೊಡುತ್ತಿದ್ದಳು. ಕ್ಷೌರಿಕ ತನ್ನ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ನೋಡಿದ. ಆಮೇಲೆ ಮೂಗಿನ ಬಳಿ ತಂದು, ಕಣ್ಣು ಮುಚ್ಚಿ, ನಿಧಾನವಾಗಿ ಮೂಸಿದ. ಮಾತು ನಿಂತು ಎಲ್ಲರೂ ತನ್ನನ್ನೇ ನೋಡುತ್ತಿದ್ದುದು ಅರಿವಾಗಿ ಅವನಿಗೆ ಸಂಕೋಚವಾಯಿತು.

"ತಪ್ಪು ತಿಳ್ಕೋಬೇಡಿ. ನಮ್ಮ ಬೀದೀಲಿ ಎಲ್ರೂ ಹೀಗೇ," ಎಂದು ಗಟಗಟ ಕುಡಿದ.

ಕೈಯಲ್ಲಿ ಲೋಟ ಹಿಡಿದವರು ಹಾಗೇ ಕೂತಿದ್ದರು. ಮೊದಲು ಟೈಪಿಸ್ಟು, ಅವನ ಪಕ್ಕದವನು, ಆಮೇಲೆ ಚಿಕ್ಕಮ್ಮ, ಯಾರೂ ಹೇಳದೆ ಒಬ್ಬೊಬ್ಬರಾಗಿ ಲೋಟವನ್ನು ಮೂಗಿನ ಬಳಿಗೆ ಒಯ್ದರು. ಸಾಹೇಬರು ತಮ್ಮದನ್ನು ತುಟಿಯ ತನಕ ತಂದು, ಕುಡಿಯದೆ, ಚೆಲ್ಲಲೂ ಆಗದೆ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು.